ಸ್ಟೀಲ್ ಫ್ರೇಮಿನಲ್ಲಿ ಅಲ್ಯೂಮಿನಿಯಂ ಸೀಟ್‌ಪೋಸ್ಟ್ ಕಚ್ಚಿಕೊಂಡಿದೆ, ಬಿಡಿಸುವುದು ಹೇಗೆ?

ಕಡಲತಡಿ ಸವಾರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸುರತ್ಕಲ್‌ನಲ್ಲಿ, ಸಮುದ್ರಕ್ಕೆ ತೀರಾ ಹತ್ತಿರ. ಹಳೆಯ ಟೂರಿಂಗ್ ಸೈಕಲ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದೇನೆ. ಫ್ರೇಮ್ ಕ್ರೋಮೋಲಿ ಸ್ಟೀಲ್, ರೇನಾಲ್ಡ್ಸ್ 520 ಎಂದು ಸ್ಟಿಕ್ಕರ್ ಇದೆ. ಸೀಟ್‌ಪೋಸ್ಟ್ (ಸೀಟನ್ನು ಹೊತ್ತು ಫ್ರೇಮಿನೊಳಗೆ ಇಳಿಯುವ ಕೊಳವೆ) ಅಲ್ಯೂಮಿನಿಯಂ, ಅಡ್ಡಳತೆ 27.2 ಮಿ.ಮೀ. ಹಿಂದಿನ ಮಾಲೀಕರು ನನಗಿಂತ ಗಿಡ್ಡ. ಸೀಟನ್ನು ನಾಲ್ಕು ಬೆರಳು ಮೇಲೆತ್ತಬೇಕು, ಆದರೆ ಪೋಸ್ಟ್ ಮಿಸುಕುವುದಿಲ್ಲ. ಪೋಸ್ಟನ್ನು ಬಿಗಿಯುವ ಕ್ಲ್ಯಾಂಪ್ ಪೂರ್ತಿ ಬಿಚ್ಚಿಟ್ಟಿದ್ದೇನೆ. ಸೀಟು ಹಿಡಿದು ತಿರುಗಿಸಿದರೆ ಇಡೀ ಸೈಕಲ್ಲೇ ತಿರುಗುತ್ತದೆ. ಡಬ್ಲ್ಯೂಡಿ-40 ದಿನಾ ಹೊಡೆದು ನೋಡಿದ್ದಾಯಿತು. ಗ್ಯಾಸ್ ವೆಲ್ಡಿಂಗ್‌ನವರ ಹತ್ತಿರ ಕಾಯಿಸಿಕೊಂಡು ಬನ್ನಿ ಎಂದು ಇಲ್ಲಿಯ ಮೆಕ್ಯಾನಿಕ್ ಒಬ್ಬರು ಹೇಳುತ್ತಿದ್ದಾರೆ. ಪೇಂಟ್ ಚೆಂದ ಇದೆ ಮಾರಾಯ್ರೇ, ಸುಡುವುದಕ್ಕೆ ಮನಸ್ಸು ಬರುತ್ತಿಲ್ಲ. ಬೇರೆ ದಾರಿ ಇದೆಯಾ?

ಪಾನಾ ಪೆಟ್ಟಿಗೆ

ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ. ಆ ಪೋಸ್ಟ್ ನಿಮಗೆ ಬೇಕಾ? ಬೇಡ ಎಂದಾದರೆ ಅರ್ಧ ತಲೆನೋವು ಕಡಿಮೆ. ಹೊಸ 27.2 ಪೋಸ್ಟ್ ಎಲ್ಲಿ ಬೇಕಾದರೂ ಸಿಗುತ್ತದೆ. ಆ ಫ್ರೇಮ್ ಸಿಗುವುದಿಲ್ಲ. ಎರಡನ್ನೂ ಉಳಿಸುತ್ತೇನೆ ಎಂದು ಹೊರಟವರು ಫ್ರೇಮನ್ನೇ ಸೊಟ್ಟ ಮಾಡಿಕೊಂಡದ್ದನ್ನು ನೋಡಿದ್ದೇನೆ.

ಎಣ್ಣೆಯ ವಿಷಯ. ಡಬ್ಲ್ಯೂಡಿ-40 ನೀರನ್ನು ಓಡಿಸುವುದಕ್ಕೆ ಒಳ್ಳೆಯದು, ಇಂಥ ಸಂದಿಗೆ ನುಗ್ಗುವುದಕ್ಕೆ ಅಷ್ಟಕ್ಕಷ್ಟೆ. ಪೆನಿಟ್ರೇಟಿಂಗ್ ಆಯಿಲ್ ಎಂದೇ ಕೇಳಿ ತನ್ನಿ. ನೀವು ಇದುವರೆಗೆ ಮೇಲಿನಿಂದ ಮಾತ್ರ ಹಾಕಿದ್ದೀರಿ ಅಲ್ವಾ? ಮೇಲಿನ ಒಂದು ಸೆಂಟಿಮೀಟರ್ ನೆನೆದಿರಬಹುದು. ಪೋಸ್ಟ್ ಒಳಗೆ ಒಂದು ಗೇಣು ಇಳಿದಿರುತ್ತದೆ. ಬಾಟಮ್ ಬ್ರಾಕೆಟ್ (ಪೆಡಲ್ ಕ್ರ್ಯಾಂಕು ತಿರುಗುವ ಬೇರಿಂಗ್) ಬಿಚ್ಚಿ, ಸೈಕಲ್ ತಲೆಕೆಳಗೆ ಮಾಡಿ, ಆ ಕಡೆಯಿಂದ ಸೀಟ್ ಟ್ಯೂಬಿನೊಳಗೆ, ಅಂದರೆ ಪೋಸ್ಟ್ ಕೂತಿರುವ ಫ್ರೇಮಿನ ಕೊಳವೆಯೊಳಗೆ, ಎಣ್ಣೆ ಬಿಡಿ. ಪೋಸ್ಟಿನ ಕೆಳ ಅಂಚಿನ ಸುತ್ತ ನಿಲ್ಲುತ್ತದೆ. ರಾತ್ರಿಯೆಲ್ಲ ಹಾಗೇ ಇರಲಿ. ಸೀಟ್ ಟ್ಯೂಬಿನ ಬಾಟಲ್ ಕೇಜ್ ಬೋಲ್ಟ್ ತೆಗೆದರೆ ಅಲ್ಲಿಂದಲೂ ಹಾಕಬಹುದು.

ಬಾಟಮ್ ಬ್ರಾಕೆಟ್ ಬಿಚ್ಚುವಾಗ ನೆನಪಿಡಿ, ಇಂಥ ಫ್ರೇಮುಗಳಲ್ಲಿ ಸಾಮಾನ್ಯವಾಗಿ ಬಿಎಸ್‌ಎ ಎಂಬ ಅಳತೆಯ ಥ್ರೆಡ್ ಇರುತ್ತದೆ. ಚೈನ್ ಇರುವ ಬಲಗಡೆಯದು ಉಲ್ಟಾ ಥ್ರೆಡ್. ಗಡಿಯಾರದ ಮುಳ್ಳು ಹೋಗುವ ಕಡೆ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಬಿಗಿ ಮಾಡುತ್ತಾ ಹೋಗಿ, ಅದೂ ಜಾಮ್ ಆಗಿದೆ ಎಂದು ಇನ್ನೊಂದು ಪ್ರಶ್ನೆ ಹಾಕುವವರಿದ್ದಾರೆ.

ರಸಾಯನ ಮೇಷ್ಟ್ರು

ಯಾಕೆ ಕಚ್ಚಿಕೊಂಡಿದೆ ಎಂದು ತಿಳಿದರೆ ಬಿಡಿಸುವ ದಾರಿಯೂ ಕಾಣುತ್ತದೆ. ಅಲ್ಯೂಮಿನಿಯಂ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿಕೊಂಡು, ನಡುವೆ ಉಪ್ಪು ನೀರು ಸೇರಿದರೆ ಅದು ಬ್ಯಾಟರಿಯೇ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಸವೆದು ಹುಟ್ಟುವ ಬಿಳಿ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹೋಗಲು ಜಾಗವಿಲ್ಲ. ಸೌದೆ ಸೀಳಲು ಬಡಿದ ಬೆಣೆಯಂತೆ ಅದು ಎರಡು ಟ್ಯೂಬುಗಳ ನಡುವೆ ಬಿಗಿದುಕೊಂಡು ಕೂರುತ್ತದೆ.

ಈ ಬಿಳಿ ಪುಡಿ ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆ ಬರೀ ಜಾರಿಸುತ್ತದೆ, ಅದೂ ಒಳಗೆ ನುಗ್ಗಿದರೆ. ಹಾಗಾಗಿ ಎಣ್ಣೆ ಹಾಕಿದ ಕೂಡಲೇ ಬಿಟ್ಟುಕೊಳ್ಳಲಿಲ್ಲ ಎಂದು ಬೇಸರ ಬೇಡ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿ.ಮೀ. ಮೇಲೆ ಮಳೆ, ಜೊತೆಗೆ ಕಡಲ ಗಾಳಿ. ಗ್ರೀಸ್ ಇಲ್ಲದೆ ಹಾಕಿದ ಪೋಸ್ಟ್ ಕಚ್ಚದೇ ಇದ್ದಿದ್ದರೇ ಆಶ್ಚರ್ಯ.

ಗುಂಡಿ ರಸ್ತೆ

ಇಷ್ಟೆಲ್ಲ ಯಾಕೆ ಗುರು? ಬ್ಲೋಲ್ಯಾಂಪ್ ತಗೊಂಡು ಕಾಯಿಸಿ, ಸುತ್ತಿಗೆಯಲ್ಲಿ ನಾಲ್ಕು ಬಾರಿಸಿದರೆ ಬರುತ್ತದೆ. ನಮ್ಮೂರಲ್ಲಿ ಎಲ್ಲರೂ ಹಾಗೇ ಮಾಡುವುದು.

ಲೇತ್ ಮನೆ

ಗುಂಡಿ ರಸ್ತೆಯವರೇ, ನಿಮ್ಮೂರಲ್ಲಿ ಮಾಡುವುದು ಹಳೇ ಕಪ್ಪು ಸೈಕಲ್ಲಿಗೆ. ಅಲ್ಲಿ ಪೋಸ್ಟೂ ಕಬ್ಬಿಣ, ಫ್ರೇಮೂ ಕಬ್ಬಿಣ. ಹೊರಗಿನ ಟ್ಯೂಬ್ ಮೊದಲು ಕಾದು ಹಿಗ್ಗುತ್ತದೆ, ಒಳಗಿನದು ಸಡಿಲಾಗುತ್ತದೆ. ಅಲ್ಲಿ ಸರಿ.

ಇಲ್ಲಿ ಲೆಕ್ಕ ಬೇರೆ. ಒಂದೇ ಬಿಸಿಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚು ಕಡಿಮೆ ಎರಡರಷ್ಟು ಹಿಗ್ಗುತ್ತದೆ. ಎರಡೂ ಕಾದರೆ ಒಳಗಿನ ಪೋಸ್ಟ್ ಇನ್ನೂ ಬಿಗಿಯಾಗುತ್ತದೆ. ಕಾಯಿಸಿ, ತಣ್ಣಗಾಗಲು ಬಿಟ್ಟಾಗ ಒಳಗಿನ ಹಿಡಿತ ಒಡೆಯಬಹುದು, ಅದು ನಿಜ. ಆದರೆ ಬ್ಲೋಲ್ಯಾಂಪ್ ಇಟ್ಟ ಮೇಲೆ ಪೇಂಟ್ ಉಳಿಯುವುದಿಲ್ಲ. ಒಳಗೆ ಎಣ್ಣೆ ಬೇರೆ ಸುರಿದಿದ್ದಾರೆ, ಹೊತ್ತಿಕೊಂಡರೆ?

ನನ್ನ ಮಾತು ಕೇಳುವುದಾದರೆ ಕಾಯಿಸಬೇಡಿ, ತಣ್ಣಗೆ ಮಾಡಿ. 27.2 ಮಿ.ಮೀ. ಪೋಸ್ಟನ್ನು ಮಾತ್ರ 50 ಡಿಗ್ರಿ ಇಳಿಸಿದರೆ ಅದರ ಅಡ್ಡಳತೆ ಸುಮಾರು 0.03 ಮಿ.ಮೀ. ಕುಗ್ಗುತ್ತದೆ. ಕೇಳಲು ಏನೂ ಅಲ್ಲ. ಆದರೆ ಲೇತ್ ಕೆಲಸ ಮಾಡುವವರನ್ನು ಕೇಳಿ, ಬೇರಿಂಗ್ ಬಿಗಿ ಕೂರುವುದಕ್ಕೂ ಸಡಿಲ ಕೂರುವುದಕ್ಕೂ ಅಷ್ಟೇ ವ್ಯತ್ಯಾಸ. ಡ್ರೈ ಐಸ್ (ಹೆಪ್ಪುಗಟ್ಟಿದ ಕಾರ್ಬನ್ ಡೈಆಕ್ಸೈಡ್) ಸಿಕ್ಕರೆ ಉತ್ತಮ. ಅದು ಮೈನಸ್ 78 ಡಿಗ್ರಿ. ಫ್ರೇಮ್ ಜೊತೆಗೇ ತಣ್ಣಗಾದರೂ ಅಲ್ಯೂಮಿನಿಯಂ ಜಾಸ್ತಿ ಕುಗ್ಗುವುದರಿಂದ ಲಾಭ ನಮಗೇ.

ಗಿಯರ್ ಗೌರಮ್ಮ

ತಿರುಚುವ ಬಗ್ಗೆ ಯಾರೂ ಸರಿಯಾಗಿ ಹೇಳಿಲ್ಲ, ನಾನು ಹೇಳುತ್ತೇನೆ. ಸೀಟನ್ನು ಹಿಡಿದು ತಿರುಚಿದರೆ ಸೀಟಿನ ಕಂಬಿ ಬಗ್ಗುತ್ತದೆ, ಅಷ್ಟೇ. ಸೀಟು ತೆಗೆದಿಡಿ. ಗಟ್ಟಿಯಾಗಿ ನೆಲಕ್ಕೋ ಮೇಜಿಗೋ ಬೋಲ್ಟ್ ಮಾಡಿದ ಬೆಂಚ್ ವೈಸ್ ಬೇಕು. ಸೈಕಲ್ ತಲೆಕೆಳಗೆ ಮಾಡಿ, ಪೋಸ್ಟಿನ ತಲೆಯನ್ನು ವೈಸಿನಲ್ಲಿ ಕಚ್ಚಿಸಿ. ಈಗ ಫ್ರೇಮೇ ನಿಮ್ಮ ಉದ್ದನೆಯ ಪಾನಾ. ಒಂದು ಕೈ ಹ್ಯಾಂಡಲ್ ಕೂರುವ ಹೆಡ್ ಟ್ಯೂಬ್ ಹತ್ತಿರ, ಇನ್ನೊಂದು ಹಿಂದಿನ ಚಕ್ರ ಕೂರುವ ಕಡೆ. ಇಬ್ಬರು ಬೇಕು. ಮೆಲ್ಲಗೆ ಒತ್ತಡ ಹೆಚ್ಚಿಸಿ. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ. ಎಳೆಯಬೇಡಿ, ಮೊದಲು ತಿರುಗಬೇಕು.

ಎರಡು ಎಚ್ಚರಿಕೆ. ಪೋಸ್ಟಿನ ಬದಲು ಫ್ರೇಮನ್ನು ವೈಸಿಗೆ ಹಾಕಲೇಬೇಡಿ. ಆ ಟ್ಯೂಬಿನ ಗೋಡೆ ನಡುವಿನಲ್ಲಿ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ಅಪ್ಪಚ್ಚಿ ಆಗುತ್ತದೆ. ಇನ್ನೊಂದು, ಪೂರ್ತಿ ತೂಕ ಹಾಕಿ ನೇತಾಡಬೇಡಿ. ಪೋಸ್ಟ್ ತಿರುಗದೆ ಸೀಟ್ ಟ್ಯೂಬೇ ತಿರುಚಿಕೊಂಡರೆ ಮುಗಿಯಿತು. ಫ್ರೇಮ್ ಸ್ಪ್ರಿಂಗ್ ಥರ ಹೋಗಿ ವಾಪಸ್ ಬರುತ್ತಿದೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ.

ವಿಜಯಪುರ ಪೆಡಲ್

ಗೌರಮ್ಮ ಅಕ್ಕಾರು ಹೇಳಿದ್ದು ಖರೇ ಐತ್ರಿ. ನಮ್ಮ ಕಡೆ ಮಳೆ ಕಡಿಮೆ, ಕಡಲೂ ಇಲ್ಲ. ಆದರೂ ಪೋಸ್ಟ್ ಕಚ್ಚಿಕೊಳ್ಳುತ್ತದೆ. ಕಾರಣ ಬೆವರು. ಮನೆಯೊಳಗೇ ಸೈಕಲ್ ನಿಲ್ಲಿಸಿ ತುಳಿಯುವ ಹೋಮ್ ಟ್ರೈನರ್ ಮೇಲೆ ದಿನಾ ತಾಸುಗಟ್ಟಲೆ ತುಳಿಯುವ ಹುಡುಗರ ಸೈಕಲ್ ನೋಡಬೇಕ್ರಿ. ಬೆವರು ಸೀದಾ ಹ್ಯಾಂಡಲಿನ ಸ್ಟೆಮ್ ಬೋಲ್ಟ್, ಹೆಡ್‌ಸೆಟ್, ಸೀಟ್ ಕ್ಲ್ಯಾಂಪ್ ಮೇಲೆ ಇಳಿಯುತ್ತದೆ. ಅದರಲ್ಲೂ ಉಪ್ಪೇ ಇರುವುದು.

ಅಜ್ಜನ ಸೈಕಲ್

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ಶಿರಸಿ. ಮನೆಯಲ್ಲಿ ಹಳೇ ಕಪ್ಪು ಸೈಕಲ್ ಇದೆ. ಪೆಡಲ್ ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ ಹೊರಗೆ ಬರುತ್ತಿಲ್ಲ. ಸುತ್ತಿಗೆಯಲ್ಲಿ ಹೊಡೆದು ಥ್ರೆಡ್ ಅಣಬೆಯಾಗಿದೆ.

ಪಾನಾ ಪೆಟ್ಟಿಗೆ

ಅಜ್ಜನ ಸೈಕಲ್‌ನವರೇ, ಥ್ರೆಡ್ ಹೋಗಿದ್ದರೆ ಆ ಪಿನ್ನಿನ ಕಥೆ ಮುಗಿದಂತೆ. ಅಣಬೆಯಾದ ಭಾಗವನ್ನು ಹ್ಯಾಕ್ಸಾದಲ್ಲಿ ಕೊಯ್ದುಬಿಡಿ. ಕ್ರ್ಯಾಂಕಿನ ಅಡಿಗೆ ದಪ್ಪ ಕಬ್ಬಿಣದ ಪೈಪ್ ಆನಿಸಿ ನಿಲ್ಲಿಸಿ, ಹೊಡೆತದ ಭಾರ ಬೇರಿಂಗಿನ ಮೇಲೆ ಬೀಳಬಾರದು. ಆಮೇಲೆ ಪಂಚ್ ಇಟ್ಟು ಭಾರದ ಸುತ್ತಿಗೆಯಿಂದ ಒಂದೇ ಗಟ್ಟಿ ಏಟು. ಸಣ್ಣ ಸುತ್ತಿಗೆಯ ನೂರು ಏಟು ಪಿನ್ನನ್ನು ಊದಿಸುತ್ತದೆ, ಹೊರಗೆ ಕಳಿಸುವುದಿಲ್ಲ. ಆಗಲೂ ಬರದಿದ್ದರೆ ಡ್ರಿಲ್. ಹಳೇ ಸೈಕಲ್ ಅಂಗಡಿಯಲ್ಲಿ ಹೊಸ ಪಿನ್ ಈಗಲೂ ಸಿಗುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ದಪ್ಪದಲ್ಲಿ ವ್ಯತ್ಯಾಸ ಇರುತ್ತದೆ.

ಕಡಲತಡಿ ಸವಾರ

ಅಪ್‌ಡೇಟ್ ಕೊಡುತ್ತೇನೆ. ಬಾಟಮ್ ಬ್ರಾಕೆಟ್ ಸಲೀಸಾಗಿ ಬಂತು, ಉಲ್ಟಾ ಥ್ರೆಡ್ ವಿಷಯ ಹೇಳಿದ್ದಕ್ಕೆ ಥ್ಯಾಂಕ್ಸ್. ಕೆಳಗಿನಿಂದ ಎಣ್ಣೆ ಬಿಟ್ಟು, ಬೈಕಂಪಾಡಿಯ ಒಂದು ವರ್ಕ್‌ಶಾಪಿನ ವೈಸ್‌ನಲ್ಲಿ ಕಚ್ಚಿಸಿ, ನಾನೂ ನನ್ನ ಭಾವನೂ ಸೇರಿ ತಿರುಚಿದೆವು. ಟಪ್ ಎಂದಿತು. ಬಿಟ್ಟಿತು ಎಂದು ಖುಷಿಯಾದರೆ, ಬಿಟ್ಟದ್ದು ಪೋಸ್ಟಿನ ತಲೆ! ತಲೆಯೂ ಕೊಳವೆಯೂ ಬೇರೆ ಬೇರೆ ಮಾಡಿ ಒತ್ತಿ ಕೂರಿಸಿದ್ದ ಪೋಸ್ಟ್ ಅದು. ಈಗ ಫ್ರೇಮಿನಿಂದ ಅಂಗೈ ಅಗಲದಷ್ಟು ಬರೀ ಕೊಳವೆ ಮೇಲೆ ನಿಂತಿದೆ. ಒಳಗೆಲ್ಲ ಟೊಳ್ಳು.

ಲೇತ್ ಮನೆ

ಒಳ್ಳೆಯದೇ ಆಯಿತು ಬಿಡಿ. ಇನ್ನು ಪೋಸ್ಟ್ ಉಳಿಸುವ ಆಸೆ ಇಲ್ಲ, ಮತ್ತು ಕೊಳವೆಯ ಬಾಯಿ ತೆರೆದಿದೆ. ಡ್ರೈ ಐಸ್ ಚೂರು ಒಳಗೆ ತುಂಬಲು ಇದಕ್ಕಿಂತ ಅನುಕೂಲ ಬೇಕಾ? ಅಡಿಯಲ್ಲಿ ಬಟ್ಟೆ ಗಿಡಿದುಕೊಳ್ಳಿ, ಇಲ್ಲದಿದ್ದರೆ ಎಲ್ಲ ಬಾಟಮ್ ಬ್ರಾಕೆಟ್ ಕಡೆಗೆ ಜಾರುತ್ತದೆ.

ಗುಂಡಿ ರಸ್ತೆ

ಡ್ರೈ ಐಸ್ ಎಲ್ಲಿಂದ ತರುವುದು ಸ್ವಾಮಿ? ಕಿರಾಣಿ ಅಂಗಡಿಯಲ್ಲಿ ಸಿಗುತ್ತದಾ?

ಗಿಯರ್ ಗೌರಮ್ಮ

ಮದುವೆ ಮಂಟಪದಲ್ಲಿ ಹುಡುಗ ಹುಡುಗಿ ಬರುವಾಗ ಬಿಳಿ ಹೊಗೆ ಎಬ್ಬಿಸುತ್ತಾರಲ್ಲ, ಅದು ಡ್ರೈ ಐಸ್. ಇವೆಂಟ್ ಮಾಡುವವರನ್ನು ಕೇಳಿ. ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಸುಟ್ಟಂತಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಬೇಡ, ಮುಚ್ಚಳ ಬಿಗಿದ ಡಬ್ಬಿಯಲ್ಲಂತೂ ಬೇಡವೇ ಬೇಡ. ಅದು ಆವಿಯಾಗುತ್ತಾ ಹೋಗುತ್ತದೆ, ಡಬ್ಬಿ ಸಿಡಿಯುತ್ತದೆ.

ನೊರೆ ನೊರೆ

ಕಾಸ್ಟಿಕ್ ಸೋಡಾ ಯಾರೂ ಹೇಳಲೇ ಇಲ್ಲವಲ್ಲ? ಅಲ್ಯೂಮಿನಿಯಂ ತಿಂದುಹಾಕುತ್ತದೆ, ಸ್ಟೀಲನ್ನು ಮುಟ್ಟುವುದಿಲ್ಲ. ಸುರಿದು ಕೂತರೆ ಸಾಕು, ಬೆವರು ಹರಿಸುವ ಕೆಲಸವೇ ಇಲ್ಲ.

ರಸಾಯನ ಮೇಷ್ಟ್ರು

ಯಾರೂ ಹೇಳದೇ ಇದ್ದದ್ದು ಬೇಕೆಂದೇ. ನೀವು ಹೇಳಿದ್ದು ತಪ್ಪಲ್ಲ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಜೊತೆ ಸೇರಿ ಅದನ್ನು ಕರಗಿಸುತ್ತದೆ, ಆ ಬಿಳಿ ಪುಡಿಯನ್ನೂ ಕರಗಿಸುತ್ತದೆ. ಸ್ಟೀಲಿಗೆ ಏನೂ ಆಗುವುದಿಲ್ಲ. ಆದರೆ ಸುರಿದು ಕೂತರೆ ಸಾಕು ಎನ್ನುವುದನ್ನು ಒಪ್ಪಲಾರೆ.

ಆ ಕ್ರಿಯೆಯಲ್ಲಿ ಹೈಡ್ರೋಜನ್ ಹುಟ್ಟುತ್ತದೆ. ಕಿಡಿ ತಾಗಿದರೆ ಹೊತ್ತಿಕೊಳ್ಳುವ ಅನಿಲ. ಜೊತೆಗೆ ಬಿಸಿ ಏರುತ್ತದೆ, ಏರಿದಷ್ಟೂ ಕ್ರಿಯೆ ಜೋರಾಗುತ್ತದೆ, ಕುದಿದು ಮೇಲೆ ಚಿಮ್ಮಬಹುದು. ಕಣ್ಣಿಗೆ ಒಂದು ಹನಿ ಬಿದ್ದರೆ ದೃಷ್ಟಿಯೇ ಹೋಗಬಹುದು. ಮಾಡಲೇಬೇಕಾದರೆ ಮನೆ ಹೊರಗೆ, ಗಾಳಿಯಾಡುವ ಕಡೆ, ಪೂರ್ತಿ ಮುಚ್ಚುವ ಕನ್ನಡಕ, ಮೊಣಕೈವರೆಗಿನ ರಬ್ಬರ್ ಗ್ಲೌಸ್, ಪಕ್ಕದಲ್ಲೇ ಓಡುವ ನೀರಿನ ಪೈಪ್. ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಸೋಡಾ ಮೇಲೆ ನೀರು ಸುರಿಯಬಾರದು. ಮೈಮೇಲೆ ಬಿದ್ದರೆ ವಿನೆಗರ್ ಹುಡುಕುತ್ತಾ ಕೂರಬೇಡಿ, ನೀರು ಬಿಟ್ಟು ತೊಳೆಯುತ್ತಲೇ ಇರಿ, ಆಮೇಲೆ ಡಾಕ್ಟರ ಹತ್ತಿರ ಹೋಗಿ.

ಫ್ರೇಮ್ ಕಡೆಯಿಂದಲೂ ತೊಂದರೆ ಇದೆ. ಪೇಂಟ್ ಮೇಲೆ ಹರಿದರೆ ಪೇಂಟ್ ಎದ್ದುಬರುತ್ತದೆ. ಅನೇಕ ಸ್ಟೀಲ್ ಫ್ರೇಮುಗಳಲ್ಲಿ ವೆಲ್ಡಿಂಗ್ ಮಾಡುವಾಗ ಗಾಳಿ ಹೋಗಲೆಂದು ಸೀಟ್ ಟ್ಯೂಬಿನಿಂದ ಪಕ್ಕದ ಟ್ಯೂಬುಗಳಿಗೆ ಸಣ್ಣ ತೂತು ಬಿಟ್ಟಿರುತ್ತಾರೆ. ಅಲ್ಲಿಂದ ದ್ರಾವಣ ಎಲ್ಲೆಲ್ಲಿಗೋ ಹೋಗುತ್ತದೆ. ಇನ್ನು ಫ್ರೇಮ್ ಅಲ್ಯೂಮಿನಿಯಂ ಆಗಿದ್ದರೆ ಪೋಸ್ಟ್ ಜೊತೆ ಅದೂ ಕರಗುತ್ತದೆ. ಇದನ್ನು ಓದುತ್ತಿರುವ ಬೇರೆಯವರು ಮೊದಲು ಫ್ರೇಮಿಗೆ ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಸೋಡಾ ಡಬ್ಬಿ ಮುಟ್ಟಲೇಬೇಡಿ.

ನನ್ನ ಅಭಿಪ್ರಾಯ, ಸೋಡಾ ಬದಲು ಆ ಕೊಳವೆಯನ್ನು ಒಳಗಿನಿಂದ ಬ್ಲೇಡಿನಲ್ಲಿ ಕೊಯ್ಯುವುದು ಸಾಧ್ಯವಿರುವವರೆಗೆ ಕೊಯ್ಯಿರಿ.

ಡೆಲ್ಫ್ಟ್ ಕನ್ನಡಿಗ

ಇಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟದಿರಲಿ ಎಂದು ಸೈಕಲ್ ದಾರಿಗೂ ಉಪ್ಪು ಹಾಕುತ್ತಾರೆ. ಹಾಗಾಗಿ ನಮ್ಮ ರೋಗವೂ ನಿಮ್ಮದೇ. ಕೊಯ್ಯುವವರಿಗೆ ಒಂದೆರಡು ಮಾತು.

ಹ್ಯಾಕ್ಸಾ ಫ್ರೇಮ್ ಬೇಡ, ಬರೀ ಬ್ಲೇಡ್. ಒಂದು ತುದಿಗೆ ಬಟ್ಟೆ ಸುತ್ತಿ ಟೇಪ್ ಹಾಕಿ ಹಿಡಿ ಮಾಡಿಕೊಳ್ಳಿ. ಅಲ್ಯೂಮಿನಿಯಂಗೆ ದೊಡ್ಡ ಹಲ್ಲಿನದು ಒಳ್ಳೆಯದು, ಇಂಚಿಗೆ 18 ಹಲ್ಲಿನ ಬ್ಲೇಡ್ ಕೇಳಿ. ಸಣ್ಣ ಹಲ್ಲಿನಲ್ಲಿ ಪುಡಿ ಮೆತ್ತಿಕೊಂಡು ಬ್ಲೇಡ್ ಸುಮ್ನೆ ಜಾರುತ್ತದೆ. ಕೊಳವೆಯ ಒಳಗಿನಿಂದ ಹೊರಮುಖವಾಗಿ, ಉದ್ದಕ್ಕೆ ಸೀಳಬೇಕು. ಫ್ರೇಮಿನ ಹಿಂದುಗಡೆ ಕ್ಲ್ಯಾಂಪಿನ ಸೀಳು ಇದೆಯಲ್ಲ, ಮೊದಲ ಕೊಯ್ತ ಅದರ ನೇರಕ್ಕೇ ಇರಲಿ. ಅಲ್ಲಿ ಮೇಲಿನ ಭಾಗದಲ್ಲಿ ಸ್ಟೀಲಿಗೆ ಗಾಯವಾಗುವ ಭಯವಿಲ್ಲ.

ಆಳ ತಿಳಿಯುವುದು ಹೇಗೆ? ಪುಡಿ ನೋಡಿ, ಸದ್ದು ಕೇಳಿ. ಅಲ್ಯೂಮಿನಿಯಂ ಪುಡಿ ಬೆಳ್ಳಗೆ ಹೊಳೆಯುತ್ತದೆ, ಬ್ಲೇಡ್ ಮೆತ್ತಗೆ ಹೋಗುತ್ತದೆ. ಸ್ಟೀಲ್ ತಾಗಿದ ಕೂಡಲೇ ಕಿರ್ ಎನ್ನುತ್ತದೆ, ಪುಡಿ ಕಪ್ಪಾಗುತ್ತದೆ. ಮೇಲ್ಗಡೆ ಬೇಗ ಆಳಕ್ಕೆ ಹೋಗಿ ಕೆಳಗಡೆ ಹಾಗೇ ಉಳಿಯುವುದು ಎಲ್ಲರಿಗೂ ಆಗುವುದೇ. ಬೆರಳಿಗೆ ಸಿಗದ ಕಡೆ ಟಾರ್ಚ್ ಬಿಟ್ಟು ನೋಡಿಕೊಳ್ಳುತ್ತಿರಿ. ಬೇಜಾರಿನ ಕೆಲಸ. ಎಫ್‌ಎಂ ಹಾಕಿಕೊಂಡು ಕೂರಿ.

ಲೇತ್ ಮನೆ

ಇದಕ್ಕೆ ಒಂದು ಸೇರಿಸುತ್ತೇನೆ. ಕೊಯ್ಯುವಾಗ ನಡುನಡುವೆ ಸೀಮೆಎಣ್ಣೆ ಹಾಕಿ. ಅಲ್ಯೂಮಿನಿಯಂ ಕೊಯ್ಯಲು ನಾವು ಲೇತ್‌ನಲ್ಲೂ ಬಳಸುತ್ತಿದ್ದದ್ದು ಅದೇ. ಈಗ ಸೀಮೆಎಣ್ಣೆ ಸಿಗುವುದು ಕಷ್ಟ, ನಿಮ್ಮ ಹತ್ತಿರ ಇರುವ ಡಬ್ಲ್ಯೂಡಿ-40 ಇದಕ್ಕಾದರೂ ಉಪಯೋಗಕ್ಕೆ ಬರಲಿ.

ಮತ್ತೆ, ಯಾರಾದರೂ ದೊಡ್ಡ ಡ್ರಿಲ್ ಹಾಕಿ ಒಳಗೆಲ್ಲ ಕೊರೆದುಬಿಡಿ ಎಂದರೆ ಕೇಳಬೇಡಿ. ಕೈ ಡ್ರಿಲ್ ನೇರ ಹೋಗುವುದಿಲ್ಲ. ಮಿಲ್ಲಿಂಗ್ ಮಷೀನ್ ಇರುವ ಕಡೆ ಫ್ರೇಮನ್ನು ನೆಟ್ಟಗೆ ಕಟ್ಟಿ ಕೊರೆಯಬಹುದು. ಆದರೆ ಸೈಕಲ್ ಫ್ರೇಮ್ ಎಲ್ಲ ಕಡೆಯೂ ಓರೆ. ಅದನ್ನು ಮಷೀನಿಗೆ ಹೊಂದಿಸಿ ಕಟ್ಟುವುದಕ್ಕೇ ಹೆಚ್ಚು ಹೊತ್ತು. ಅನುಭವ ಇಲ್ಲದವರಿಗೆ ಕೊಡಬೇಡಿ.

ಕಡಲತಡಿ ಸವಾರ

ಬಂತು!

ಮೊದಲು ಡ್ರೈ ಐಸ್ ನೋಡಿದೆವು. ಭಾವನ ಗೆಳೆಯರೊಬ್ಬರು ಸ್ಟೇಜ್ ಡೆಕೊರೇಶನ್ ಮಾಡುತ್ತಾರೆ, ಅವರು ಕೊಟ್ಟರು. ತುಂಬಿಸಿ ಬಿಟ್ಟಾಗ ಫ್ರೇಮಿನ ಹೊರಗೆಲ್ಲ ಬೆಳ್ಳಗೆ ಹಿಮ ಕಟ್ಟಿತು. ಕೊಳವೆಗೆ ಪೈಪ್ ರೆಂಚ್ ಹಾಕಿ ತಿರುಗಿಸಿದಾಗ ಚಟ್ ಎಂದು ಸದ್ದಾಗಿ ಒಂದಿಷ್ಟು ತಿರುಗಿತು. ಮತ್ತೆ ನಿಂತಿತು. ಫ್ರೇಮ್ ಬಾಗುತ್ತಿರುವ ಹಾಗೆ ಕಂಡದ್ದರಿಂದ ಅಲ್ಲಿಗೆ ಬಿಟ್ಟೆವು.

ಆಮೇಲೆ ಬ್ಲೇಡ್. ಕ್ಲ್ಯಾಂಪ್ ಸೀಳಿನ ನೇರಕ್ಕೆ ಒಂದು ಕೊಯ್ತ, ಅದರಿಂದ ಬೆರಳಗಲ ಬಿಟ್ಟು ಇನ್ನೊಂದು. ನಡುವಿನ ಪಟ್ಟಿಯನ್ನು ಸಣ್ಣ ಉಳಿಯಿಂದ ಒಳಮುಖಕ್ಕೆ ಮೀಟಿದರೆ ಸುರುಳಿಯಾಗಿ ಎದ್ದುಬಂತು. ಪಟ್ಟಿ ಹೋದ ಮೇಲೆ ಉಳಿದ ಕೊಳವೆಗೆ ಬಿಗಿಯೇ ಇಲ್ಲ. ವೈಸ್ ಗ್ರಿಪ್ ಹಾಕಿ ಒಳಕ್ಕೆ ಮಡಚಿ ತಿರುಗಿಸಿದಾಗ ಇಡಿಯಾಗಿ ಹೊರಗೆ ಬಂತು. ಫ್ರೇಮಿನ ಒಳಗೆ ಕೆಳಗಡೆ ಒಂದು ಸಣ್ಣ ಗೀರು ಬಿದ್ದಿದೆ, ಉಗುರಿಗೆ ತಾಗುವುದಿಲ್ಲ.

ನೋಡಿದರೆ ಬಿಳಿ ಪುಡಿ ದಪ್ಪಗೆ ಇದ್ದದ್ದು ಎರಡೇ ಕಡೆ. ಮೇಲೆ ಕ್ಲ್ಯಾಂಪ್ ಸೀಳಿನ ಹತ್ತಿರ, ಮತ್ತೆ ಪೋಸ್ಟಿನ ಕೆಳ ತುದಿಯಲ್ಲಿ. ನಡುವೆ ಪೋಸ್ಟ್ ಹೊಸದರ ಹಾಗೆ ಹೊಳೆಯುತ್ತಿತ್ತು.

ಪಾನಾ ಪೆಟ್ಟಿಗೆ

ಶಭಾಶ್! ಆ ಸೀಳೇ ನೀರಿನ ಬಾಗಿಲು. ಹಿಂದಿನ ಚಕ್ರ ಎರಚುವ ನೀರು ಸೀದಾ ಅಲ್ಲಿಗೇ ಬೀಳುತ್ತದೆ. ಮಡ್‌ಗಾರ್ಡ್ ಹಾಕಿ. ಇಲ್ಲದಿದ್ದರೆ ಹಳೇ ಟ್ಯೂಬಿನ ತುಂಡನ್ನು ಕ್ಲ್ಯಾಂಪ್ ಮೇಲೆ ತೋಳಿನ ಹಾಗೆ ಏರಿಸಿ. ಬಾಟಮ್ ಬ್ರಾಕೆಟ್ ಅಡಿಯಲ್ಲಿ ನೀರು ಇಳಿಯುವ ತೂತು ಇದ್ದರೆ ಮಣ್ಣು ಕಟ್ಟಿದೆಯಾ ನೋಡಿ.

ಹೊಸ ಪೋಸ್ಟ್ ಹಾಕುವ ಮೊದಲು ಸೀಟ್ ಟ್ಯೂಬ್ ಒಳಗೆ ಉಳಿದ ಪುಡಿ ತೆಗೆಯಬೇಕು. ಕೋಲಿಗೆ ಎಮರಿ ಪೇಪರ್ ಸುತ್ತಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ. ಒಳಗಿನ ಬಾಯಿಯನ್ನು ಕೊರೆದು ಅಗಲಿಸುವ ರೀಮರ್ ಹಾಕಲು ಹೋಗಬೇಡಿ, ಅಗತ್ಯ ಕಾಣುವುದಿಲ್ಲ. ಹಳೆಯ ಪೋಸ್ಟಿನ ಮೇಲೆ 27.2 ಎಂದು ಬರೆದಿದ್ದರೂ ಫ್ರೇಮಿನ ಬಾಯಿಯನ್ನು ವರ್ನಿಯರ್‌ನಲ್ಲಿ ಅಳೆದುಕೊಳ್ಳಿ. 27 ಮತ್ತು 27.2 ಕಣ್ಣಿಗೆ ಒಂದೇ.

ಮಲೆನಾಡ ಗಾಲಿ

ನನ್ನದು ಕಾರ್ಬನ್ ಪೋಸ್ಟ್, ಅಲ್ಯೂಮಿನಿಯಂ ಫ್ರೇಮ್. ಅದೂ ಸ್ವಲ್ಪ ಬಿಗಿಯಾಗಿದೆ. ಡ್ರೈ ಐಸ್ ಹಾಕಲಾ?

ಲೇತ್ ಮನೆ

ಬೇಡ. ಕಾರ್ಬನ್ ಬಿಸಿಗೂ ತಣ್ಣಗೂ ಹೆಚ್ಚೇನೂ ಬದಲಾಗುವುದಿಲ್ಲ. ತಣ್ಣಗೆ ಮಾಡಿದರೆ ಫ್ರೇಮ್ ಮಾತ್ರ ಕುಗ್ಗಿ ಪೋಸ್ಟನ್ನು ಇನ್ನೂ ಒತ್ತುತ್ತದೆ. ನಿಮ್ಮದಕ್ಕೆ ಉಲ್ಟಾ ಮದ್ದು. ಫ್ರೇಮಿಗೆ ಹೇರ್ ಡ್ರೈಯರ್ ಹಿಡಿದು, ಇಲ್ಲವೇ ಬಿಸಿ ನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಬೆಚ್ಚಗೆ ಮಾಡಿ, ಕೈಯಲ್ಲೇ ಮೆಲ್ಲಗೆ ತಿರುಗಿಸಿ. ಮುಟ್ಟಲಾಗದಷ್ಟು ಬಿಸಿ ಬೇಡ, ಕಾರ್ಬನ್ನಿನ ಅಂಟು ಹಾಳಾಗುತ್ತದೆ. ವೈಸ್, ಪೈಪ್ ರೆಂಚ್ ಅದರ ಹತ್ತಿರಕ್ಕೂ ತರಬೇಡಿ. ಆಮೇಲೆ ಹಾಕುವಾಗ ಗ್ರೀಸ್ ಅಲ್ಲ, ಜಾರದಂತೆ ಹಿಡಿಯುವ ಕಾರ್ಬನ್ ಪೇಸ್ಟ್.

ಕಡಲತಡಿ ಸವಾರ

ಕೊನೆಯ ಪ್ರಶ್ನೆ. ಅಲ್ಯೂಮಿನಿಯಂ ಪೋಸ್ಟಿಗೆ ಯಾವ ಗ್ರೀಸ್? ಲೋಹಗಳು ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್, ಆ್ಯಂಟಿ ಸೀಜ್ ಎಂದು ಆನ್‌ಲೈನಲ್ಲಿ ನೋಡಿದೆ, ಸಣ್ಣ ಟ್ಯೂಬಿಗೂ ದುಬಾರಿ.

ಗಿಯರ್ ಗೌರಮ್ಮ

ಆ್ಯಂಟಿ ಸೀಜ್ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಕೆಲಸ ನಿಲ್ಲುವುದಿಲ್ಲ. ನೀವು ಕಡಲ ಊರಿನವರು, ದಕ್ಕೆ (ಮೀನುಗಾರಿಕೆ ಬಂದರು) ಕಡೆ ಬೋಟಿನ ಸಾಮಾನು ಮಾರುವ ಅಂಗಡಿಯಲ್ಲಿ ಮೆರೀನ್ ಗ್ರೀಸ್ ಕೇಳಿ. ನೀರಿಗೆ ಸುಲಭಕ್ಕೆ ತೊಳೆದು ಹೋಗುವುದಿಲ್ಲ. ಪೋಸ್ಟಿಗೂ ಹಚ್ಚಿ, ಟ್ಯೂಬಿನ ಒಳಗೂ ಹಚ್ಚಿ. ಹೊರಗೆ ಉಕ್ಕಿದ್ದನ್ನು ಒರೆಸಿದರಾಯಿತು.

ಜೂನ್‌ಗೆ ಮೊದಲು ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಹೊರಗೆ ತೆಗೆದು ಒರೆಸಿ ಮತ್ತೆ ಗ್ರೀಸ್ ಹಚ್ಚಿ. ಬಿಚ್ಚುವ ಮೊದಲು ಪೋಸ್ಟಿಗೆ ಇನ್ಸುಲೇಶನ್ ಟೇಪ್ ಸುತ್ತಿ ಎತ್ತರ ಗುರುತು ಮಾಡಿಕೊಳ್ಳಿ. ಪೆಡಲನ್ನೂ ಆಗಲೇ ಬಿಚ್ಚಿ ಗ್ರೀಸ್ ಹಚ್ಚಿಬಿಡಿ. ಎಡಗಡೆಯದು ಉಲ್ಟಾ ಥ್ರೆಡ್.